ಕೈಕಾಲಿಗೆ ಕುಡಿಸಿದ ಎಣ್ಣೆ

ಶರಣಬಸವೇಶ್ವರರ ಗುಡಿಯ ಅಂಗಳದಲ್ಲಿ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದ ನೀಲಕಂಠ, ನಿಂತಲ್ಲಿಂದಲೇ ಪಕ್ಕಕ್ಕೆ ವಾಲಿ ದೊಪ್ಪನೆ ಬಿದ್ದ. ಅವನು ಎಡವಿರಲಿಲ್ಲ, ಯಾರೂ ನೂಕಿರಲಿಲ್ಲ. ಒಂಬತ್ತು ವರ್ಷದ ಗಟ್ಟಿಮುಟ್ಟಾದ ಹುಡುಗ, ಆಗತಾನೆ ಎರಡು ಜೋಳದ ರೊಟ್ಟಿ ತಿಂದು ಬಂದವನು.

“ಯಾರ ಕೂಸದು? ಇಷ್ಟ ಸಣ್ಣದಿದ್ದಾಗೇ ಸಿಂದಿ ಏರಿಸಿ ಬಂದದಲ್ಲ!” ಎಂದು ಯಾರೋ ಅಂದರು. ಸುತ್ತಲಿದ್ದವರು ನಕ್ಕರು. ಮೊಣಕೈ ಉಜ್ಜಿಕೊಳ್ಳುತ್ತ ಹುಡುಗನೂ ನಕ್ಕ.

ಅವನ ತಾಯಿ ಶಿವಕಾಂತಮ್ಮ ನಗಲಿಲ್ಲ. ಮಗನನ್ನು ಎಬ್ಬಿಸಿ ನಿಲ್ಲಿಸಿ, “ಕಣ್ಣ ತೆರದು ಕೈ ಮುಗಿ” ಎಂದಳು. ಮುಗಿದ. ನೆಟ್ಟಗೇ ನಿಂತಿದ್ದ. “ಈಗ ಕಣ್ಣ ಮುಚ್ಚು” ಎಂದಳು. ಮುಚ್ಚಿದ. ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ಹುಡುಗ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತೂಗತೊಡಗಿದ. ಬೀಳುವ ಮೊದಲೇ ಅವಳು ಹಿಡಿದುಕೊಂಡಳು.

ಆ ತೂಗಾಟ ಅವಳಿಗೆ ಹೊಸದಲ್ಲ. ಕಮಲಾಪುರದ ತವರಿನಲ್ಲಿ ಅವಳ ಅಣ್ಣ ನಾಗಣ್ಣನಿಗೆ ಇದೇ ವಯಸ್ಸಿನಲ್ಲಿ ಇದೇ ಶುರುವಾಗಿತ್ತು. ಮೊದಲು ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ಬೀಳುತ್ತಿದ್ದ. ಆಮೇಲೆ ಕಾಲು ಅಗಲಿಸಿ ನಡೆಯತೊಡಗಿದ. ಹದಿಮೂರಕ್ಕೆ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗುವ ಬದಲು ಕೆನ್ನೆಗೆ ಹೋಗುತ್ತಿತ್ತು. ಹದಿನಾರಕ್ಕೆ ನಾಲಗೆ ದಪ್ಪವಾಯಿತು. ಮನೆಯವರ ಹೊರತು ಮತ್ತೊಬ್ಬರಿಗೆ ಅವನ ಮಾತು ತಿಳಿಯದಂತಾಯಿತು. ಹತ್ತೊಂಬತ್ತನೇ ವರ್ಷದ ಬೇಸಿಗೆಯಲ್ಲಿ ಬಾಳೆತೋಟದ ಬದಿಯ ಹೊರಸಿನ ಮೇಲೆ ಕೂತವನು ಮತ್ತೆ ತನ್ನ ಕಾಲ ಮೇಲೆ ಏಳಲಿಲ್ಲ. ಬುದ್ಧಿ ಮಾತ್ರ ಚೂಪಾಗಿಯೇ ಇತ್ತು. ತೂರಾಡುವ ಕಾಲು, ತೊದಲುವ ನಾಲಗೆ ನೋಡಿದ ಊರವರು ತಮಗೆ ತಿಳಿದ ಒಂದೇ ಕಾರಣ ಹೇಳಿದರು. ಹೆಂಡವೆಂಬುದು ಹೊಸ್ತಿಲು ದಾಟದ ಮನೆಗೆ ‘ಸಿಂದಿಯವರ ಮನಿ’ ಎಂದು ಹೆಸರು ಬಿತ್ತು. ತಾಯಿ ಹರಕೆ ಹೊತ್ತಳು, ತಾಯತ ಕಟ್ಟಿಸಿದಳು, ಎಂಟು ವರ್ಷ ದಿನಾ ಎಣ್ಣೆ ಕಾಯಿಸಿ ಮಗನ ಕೈಕಾಲು ತಿಕ್ಕಿದಳು. ತಿಕ್ಕಿ ತಿಕ್ಕಿ ಅವಳ ಅಂಗೈ ನುಣ್ಣಗಾಯಿತೇ ಹೊರತು ಮಗನ ಕಾಲು ಗಟ್ಟಿಯಾಗಲಿಲ್ಲ.

ಶಿವಕಾಂತಮ್ಮನನ್ನು ಕೊಟ್ಟಿದ್ದು ತಾಯಿಯ ಸ್ವಂತ ತಮ್ಮ ಕಲ್ಯಾಣಪ್ಪನಿಗೆ. ಕಲಬುರಗಿಯ ಶಹಾಬಜಾರದ ಓಣಿಯಲ್ಲಿ ಅವನದು ಹಗ್ಗ, ಮಿಣಿ, ನೊಗದ ಪಟ್ಟಿಗಳ ಸಣ್ಣ ಅಂಗಡಿ. ಹೀಗಾಗಿ ಅಜ್ಜಿ ಸೂಗಮ್ಮನೇ ಅವಳಿಗೆ ಅತ್ತೆ. ಎರಡೂ ಕಡೆಯಿಂದ ಒಂದೇ ರಕ್ತ ಬಂದು ಕೂಡಿದೆ, ಅಣ್ಣನಿಗೆ ಬಂದದ್ದು ಮಗನಿಗೂ ಬಂದಿದೆ ಎಂಬುದು ಶಿವಕಾಂತಮ್ಮನಿಗೆ ಯಾರೂ ಹೇಳಿಕೊಡದೆ ಹೊಳೆಯಿತು. ಮನೆಯ ಎಮ್ಮೆಗಳ ತಳಿ ನೋಡಿ ಬೆಳೆದ ಹೆಣ್ಣು ಅವಳು. ಗುಡಿಯಿಂದ ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಲೆಕ್ಕ ತಲೆಯಲ್ಲಿ ತಿರುಗುತ್ತಿತ್ತು. ಹೈದರಾಬಾದಿನಲ್ಲಿ ಮೂಸಿ ಹೊಳೆ ಊರೊಳಗೆ ನುಗ್ಗಿದ ವರ್ಷ ಹುಟ್ಟಿದವನು ನೀಲಕಂಠ. ಈಗ ಒಂಬತ್ತು. ಅಣ್ಣ ಕೂತದ್ದು ಹತ್ತೊಂಬತ್ತಕ್ಕೆ. ಹತ್ತು ವರ್ಷ ಉಳಿದಿವೆ.

ಆ ದಿನಗಳಲ್ಲಿ ಓಣಿಯ ಮೂಲೆಯಲ್ಲಿ ಮಲಂಗಸಾಬ ಎಂಬ ಹಕೀಮರು ಬಂದು ನೆಲೆಸಿದ್ದರು. ಔರಂಗಾಬಾದ ಕಡೆಯವರು. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು ‘ಬಾ’, ‘ಕೂಡು’, ‘ನಾಲಿಗಿ ತೆಗಿ’ ಎಂಬ ಮೂರೇ ಮಾತು. ಶಿವಕಾಂತಮ್ಮನಿಗೆ ಉರ್ದು ಬರುತ್ತಿದ್ದದ್ದು ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಷ್ಟು. ಆದರೂ ಅವಳು ಗಂಡನನ್ನು ಕರೆಯಲಿಲ್ಲ. ತನ್ನ ಉರ್ದುವಿನ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಹಕೀಮರು ಹುಡುಗನ ಕಣ್ಣು ಮುಚ್ಚಿಸಿ ನಿಲ್ಲಿಸಿದರು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನಡೆಸಿದರು, ಮೂಗು ಮುಟ್ಟಿಸಿದರು. ಆಮೇಲೆ ಕೈ ಅಲ್ಲಾಡಿಸುತ್ತ ಹೇಳಿದರು:

“ಹಾತಾಂ ಪಾವಾಂ ಕೂ ತೇಲ್ ಪಿಲಾವ್ ಅಮ್ಮಾ. ಕರಡೀ ಕಾ ತೇಲ್, ಘಾಣೇ ಕಾ, ತಾಜಾ. ರೋಜ್ ಸುಬೂ. ಜಿತ್ನಾ ಪೀತೇ ಉತ್ನಾ ಪಿಲಾವ್.”

ಶಿವಕಾಂತಮ್ಮ ಒಂದೊಂದೇ ಶಬ್ದವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡಳು. ಹಾತಾಂ ಪಾವಾಂ ಕೂ, ಕೈಕಾಲಿಗೆ. ತೇಲ್ ಪಿಲಾವ್, ಎಣ್ಣೆ ಕುಡಿಸು. ಘಾಣೇ ಕಾ ತಾಜಾ, ಗಾಣದ ಹೊಸ ಎಣ್ಣೆ. ರೋಜ್ ಸುಬೂ, ದಿನಾ ಬೆಳಗ್ಗೆ. ಜಿತ್ನಾ ಪೀತೇ ಉತ್ನಾ, ಎಷ್ಟು ಕುಡೀತದೋ ಅಷ್ಟು. ಮಕ್ಕಳಿಗೆ ಹೊಟ್ಟೆ ತೊಳೆಯಲು ಹರಳೆಣ್ಣೆ ಕುಡಿಸುವುದು ಗೊತ್ತಿದ್ದ ಮಾತೇ. ಕೈಕಾಲಿಗೆ ಬೇರೆ ಎಣ್ಣೆ ಇರಬೇಕು ಎಂದುಕೊಂಡಳು. ಇನ್ನೊಮ್ಮೆ ಕೇಳಿದರೆ ತನಗೆ ಭಾಷೆ ಬರುವುದಿಲ್ಲವೆಂದು ತಿಳಿದಾರೆಂದು, “ಹೌ ಜೀ, ಸಮ್ಜಿ” ಎಂದು ಎದ್ದು ಬಂದಳು.

ಮನೆಯಲ್ಲಿ ಸೂಗಮ್ಮ ಹೌಹಾರಿದಳು. “ಕರಡಿ ಎಣ್ಣಿ! ಶಿವ ಶಿವಾ! ಕೊರಳಾಗ ಲಿಂಗ ಇರೂ ಹುಡುಗಗ ಅಡವ್ಯಾಗಿನ ಕರಡಿ ಕೊಬ್ಬ ಕುಡಸ್ತೀ ಏನಬೇ?”

“ಆಯಿ, ಅವರ ಮಾತಿನ್ಯಾಗ ಕರಡಿ ಅಂದ್ರ ಕುಸುಬಿ. ನಮ್ಮ ಹೊಲದಾಗಿನ ಮುಳ್ಳಿನ ಕುಸುಬಿ. ನಾ ಏನ್ ತಿಳೀಲಾರದಾಕಿ ಏನ?”

ಕಲ್ಯಾಣಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. “ಕುಡಸು ಅಂದಾರೋ, ಹಚ್ಚು ಅಂದಾರೋ? ಛಂದಂಗ ಕೇಳ್ಕೊಂಡಿ ಏನ?”

“ಪಿಲಾವ್ ಅಂದ್ರ ಕುಡಸು. ಪಾನಿ ಪಿಲಾವ್ ಅಂದ್ರ ನೀರ ಹಚ್ಚತಾರೇನ ನಿಮ್ಮ ಅಂಗಡ್ಯಾಗ?”

ಕರಡಿಯ ಗಂಟು ಬಿಡಿಸಿದ ಜಾಣೆಗೆ ಪಿಲಾವ್ ಬಗ್ಗೆ ಯಾವ ಸಂಶಯವೂ ಉಳಿಯಲಿಲ್ಲ. ಕಲ್ಯಾಣಪ್ಪ ಅಂಗಡಿಗೆ ಹೊರಟ.

ಮರುದಿನ ಬೆಳಗ್ಗೆ ಅವಳು ಓಣಿಯ ಕೊನೆಯ ಗಾಣಕ್ಕೆ ಹೋದಳು. ಗಾಣದೊಡತಿ ಶಂಕ್ರಮ್ಮ ದಪ್ಪ ಧ್ವನಿಯ, ದೊಡ್ಡ ಮನಸ್ಸಿನ ಹೆಂಗಸು. ಎತ್ತು ಸುತ್ತುತ್ತಿತ್ತು, ಒರಳಿನಿಂದ ಹೊಂಬಣ್ಣದ ಎಣ್ಣೆ ಸಣ್ಣಗೆ ಇಳಿಯುತ್ತಿತ್ತು. ಶಿವಕಾಂತಮ್ಮ ಕೆಳಗೆ ಸಣ್ಣ ಬಟ್ಟಲು, ಮನೆಯ ವಾಟಿ, ಹಿಡಿದಳು.

ನೀಲಕಂಠ ಮೊದಲ ಗುಟುಕು ಗೋಡೆಗೆ ಉಗುಳಿದ. ಎರಡನೆಯದನ್ನು ನುಂಗಿ ವಾಂತಿ ಮಾಡಿದ. ಮೂರನೆಯ ದಿನ ಮಾಳಿಗೆ ಹತ್ತಿ ಕೂತ. ಹೊಟ್ಟೆ ಕೆಟ್ಟು ನಾಲ್ಕು ದಿನ ಚೆರಿಗೆ ಹಿಡಿದು ಓಡಾಡಿದ. ಶಿವಕಾಂತಮ್ಮ ಹಟ ಬಿಡಲಿಲ್ಲ, ಆದರೆ ದಾರಿ ಬದಲಿಸಿದಳು. ಬಿಸಿ ರೊಟ್ಟಿ ಮುರಿದು ಅದಕ್ಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ, ಮೇಲೆ ಎಣ್ಣೆ ಸುರಿದು ಕಲಸಿದಳು. ಅಂಬಲಿಯಲ್ಲಿ ಬೆರೆಸಿದಳು. ಒಂದು ಚಮಚದಿಂದ ಶುರುವಾದದ್ದು ಆರು ತಿಂಗಳಲ್ಲಿ ದಿನಕ್ಕೆ ಎರಡು ವಾಟಿಗೆ ಬಂತು. ಎಷ್ಟು ಕುಡಿಯುತ್ತದೋ ಅಷ್ಟು ಎಂದಿದ್ದರಲ್ಲ.

“ಹುಡುಗನ್ನ ಹಣತಿ ಮಾಡಿಟ್ಟಿ. ಇನ್ನ ಬಾಯಾಗ ಒಂದು ಬತ್ತಿ ಇಟ್ಟರ ಮನಿಗೆಲ್ಲಾ ಬೆಳಕ ನೋಡು” ಎಂದು ಸೂಗಮ್ಮ ಗೊಣಗಿದಳು. ಗೊಣಗುತ್ತಲೇ ಮೊಮ್ಮಗನ ತಲೆ ಸವರಿ ಪುಸಲಾಯಿಸುತ್ತಿದ್ದವಳೂ ಅವಳೇ. “ವಿಷಾ ಕುಡದಾವನ ಹೆಸರ ಇಟ್ಟೀವಿ ನಿನಗ. ಎಣ್ಣಿಗಿ ಅಂಜತೀ ಏನಲೇ ಗಂಡಸ?”

ಓಣಿಯ ಹುಡುಗರು ಅವನನ್ನು ‘ಎಣ್ಣಿ ನೀಲ್ಯಾ’ ಎಂದು ಕರೆದರು. ಕುಂಟಾಬಿಲ್ಲೆ ಆಡುವಾಗ ಬಿದ್ದರೆ, “ಜಾರಿ ಬಿದ್ದ, ಕಾಲಿಗಿ ಎಣ್ಣಿ ಇಳದದ” ಎನ್ನುತ್ತಿದ್ದರು. ನೀಲಕಂಠನೂ ಬಿಡುತ್ತಿರಲಿಲ್ಲ. “ನಾ ಜಾರಿ ಬೀಳ್ತೀನಿ, ನೀ ಸುಮ್ಮನೇ ಬೀಳ್ತಿ” ಎನ್ನುತ್ತಿದ್ದ.

ಬೀಳುವುದು ನಿಂತಿರಲಿಲ್ಲ. ಮಗನಿಗೆ ಗೊತ್ತಾಗದ ಹಾಗೆ ಶಿವಕಾಂತಮ್ಮ ಎಲ್ಲವನ್ನೂ ಅಣ್ಣನ ದಾರಿಗೆ ಹೋಲಿಸಿ ನೋಡುತ್ತಿದ್ದಳು. ಮುಖ ತೊಳೆಯುವಾಗ ಎಡಗೈ ಗೋಡೆಗೆ ಊರಲು ಕಲಿಸಿದಳು. ಲಿಂಗಪೂಜೆ ಹೇಗೂ ಕಣ್ಣು ತೆರೆದೇ ಮಾಡುವುದು, ಅದರಿಂದ ತೊಂದರೆ ಇರಲಿಲ್ಲ. ಸಂಜೆ ದೀಪ ಹಚ್ಚುವ ಮೊದಲೇ ಅವನು ಮನೆ ಸೇರಬೇಕೆಂದು ಕಟ್ಟಳೆ ಮಾಡಿದಳು, ಕತ್ತಲಲ್ಲಿ ನೆಲ ಎಲ್ಲಿದೆಯೆಂದು ಅವನ ಕಾಲಿಗೆ ತಿಳಿಯುತ್ತಿರಲಿಲ್ಲ. ಹದಿಮೂರು ತುಂಬಿದ ದಿನ ಅವನ ಮುಂದೆ ಕೂತು ಊಟ ಬಡಿಸಿದಳು. ರೊಟ್ಟಿ ಹಿಡಿದ ಕೈ ಸ್ವಲ್ಪ ತಡವರಿಸಿತು, ಆಮೇಲೆ ನೇರ ಬಾಯಿಗೆ ಹೋಯಿತು.

“ಯಾಕವ್ವಾ ಹಂಗ ನೋಡಾಕತ್ತಿ? ಎಂದೂ ರೊಟ್ಟಿ ತಿನ್ನೂದ ನೋಡಿಲ್ಲೇನ?”

“ತಿನ್ನಪ್ಪ” ಎಂದಳು. ಒಳಗೆ ಹೋಗಿ ಬೀಸುಕಲ್ಲಿನ ಹತ್ತಿರ ಸುಮ್ಮನೆ ನಿಂತು ಬಂದಳು.

ಹದಿನಾರಕ್ಕೆ ಮಾತು ಕೇಳಿಸಿಕೊಂಡಳು. ಸ್ಪಷ್ಟವಾಗಿಯೇ ಇತ್ತು, ಸ್ವಲ್ಪ ಜಾಸ್ತಿಯೇ ಆಗಿತ್ತು. ಆ ವರ್ಷ ಶಂಕ್ರಮ್ಮ ತಾನಾಗಿ ಬಂದು, “ದಿನಾ ನನ್ನ ಗಾಣದ ಮುಂದ ನಿಂತಿರ್ತಾನ, ನಿಂತಾವ ಕೂಡಲಿ. ಗಾಣದ ಹಲಗಿ ಮ್ಯಾಲ ಕೂತು ಎತ್ತ ಹೊಡೀಲಿ” ಎಂದಳು. ನಿಂತರೆ ತೂಗುವವನು ಕೂತರೆ ಭದ್ರ. ಇಡೀ ದಿನ ಸುತ್ತಿದರೂ ಅವನಿಗೆ ತಲೆ ತಿರುಗುತ್ತಿರಲಿಲ್ಲ. “ಊರ ಮಂದಿ ಒಂದ ಕಡೆ ನಿಂತು ತೂರಾಡ್ತಾರ, ನಾ ಸುತ್ತಕೋತ ನೆಟ್ಟಗ ಇರ್ತೀನಿ” ಎಂದು ಅವನೇ ನಗುತ್ತಿದ್ದ. ಮೊದಲ ಎಣ್ಣೆಯ ವಾಟಿಯನ್ನು ಈಗ ಶಂಕ್ರಮ್ಮನೇ ತುಂಬಿ ಇಡುತ್ತಿದ್ದಳು.

ಹತ್ತೊಂಬತ್ತನೇ ವರ್ಷ ಬಂತು. ಬೇಸಿಗೆಯೂ ಬಂತು. ಶಿವಕಾಂತಮ್ಮ ದಿನ ಬೆಳಗಾದರೆ ಮೊದಲು ಕೇಳಿಸಿಕೊಳ್ಳುತ್ತಿದ್ದದ್ದು ಮಗ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವ ಹೆಜ್ಜೆಯ ಸಪ್ಪಳ. ಅಗಲ ಅಗಲವಾದ, ಧಪ್ ಧಪ್ ಎನ್ನುವ ಹೆಜ್ಜೆ. ಕೇಳಲು ಚೆಂದವಿರಲಿಲ್ಲ, ಆದರೆ ಒಂದು ದಿನವೂ ತಪ್ಪಲಿಲ್ಲ.

ಅದೇ ಬೇಸಿಗೆಯ ಒಂದು ಬೆಳಗ್ಗೆ ಅವಳು ಗಾಣದಲ್ಲಿದ್ದಾಗ ಬಿಳಿಯ ಗಡ್ಡದ ಮುದುಕರೊಬ್ಬರು ಎಣ್ಣೆಗೆ ಬಂದರು. ಮಲಂಗಸಾಬರು. ಮನೆಮನೆಯಲ್ಲಿ ಜ್ವರದಿಂದ ಜನ ಸತ್ತ ವರ್ಷ ಚಿಂಚೋಳಿ ಕಡೆಯ ಹಳ್ಳಿಗಳಿಗೆ ಹೋಗಿ ಅಲ್ಲೇ ಉಳಿದಿದ್ದವರು, ಈಗ ಮರಳಿದ್ದರು. ಹಳ್ಳಿಗರು ಅವರಿಗೆ ಚೆನ್ನಾಗಿ ಕನ್ನಡ ಕಲಿಸಿದ್ದರು. ನೀಲಕಂಠ ಹಲಗೆಯಿಂದ ಇಳಿದು, ಕಾಲು ಅಗಲಿಸಿ ನಡೆದು ಬಂದು ಅವರ ಕೈಯ ಪಾತ್ರೆ ತೆಗೆದುಕೊಂಡ. ಹಕೀಮರು ಅವನ ಮುಖ ನೋಡಲಿಲ್ಲ, ಕಾಲು ನೋಡಿದರು.

“ನಿಲ್ಲು ತಮ್ಮ. ಕಣ್ಣ ಮುಚ್ಚು.”

“ಮುಚ್ಚಿದ್ರ ಬೀಳ್ತೀನ್ರಿ. ಎಣ್ಣಿ ಚೆಲ್ತದ.”

ಮುದುಕರು ತಿರುಗಿ ಶಿವಕಾಂತಮ್ಮನನ್ನು ನೋಡಿದರು. ಗುರುತು ಸಿಕ್ಕಿತು. “ಅಮ್ಮಾ, ಆ ಹುಡುಗನೇ ಏನ ಇವ? ಇನ್ನಾ ನಡೀತಾನ? ಯಾರ ತಿಕ್ಕಿದ್ರು ಇವಗ? ನೀವೋ, ಯಾರಾದ್ರೂ ಪೈಲ್ವಾನರನ್ನ ಇಟ್ಟಿದ್ರೋ?”

“ಏನ ತಿಕ್ಕೂದ್ರಿ?”

“ಎಣ್ಣಿ. ನಾ ಹೇಳಿದ್ನಲ್ಲ ಅವತ್ತ.”

“ತಿಕ್ಕು ಅಂದಿದ್ದಿಲ್ರಿ ನೀವು. ಕುಡಸು ಅಂದಿದ್ರಿ. ಕುಡಸೀನಿ, ದಿನಾ ಎರಡ ವಾಟಿ.”

“ಯಾವಾಗಿಂದ?”

“ಅವತ್ತಿಂದ. ಹತ್ತ ವರ್ಷ ಆತು.”

ಮಲಂಗಸಾಬರು ಗಾಣದ ಕಟ್ಟೆಯ ಮೇಲೆ ಕೂತುಬಿಟ್ಟರು. “ಯಾ ಅಲ್ಲಾ” ಎಂದರು. ಆಮೇಲೆ ಮೆಲ್ಲಗೆ ಹೇಳಿದರು: “ಅಮ್ಮಾ, ಕೈಕಾಲಿಗಿ ತೇಲ್ ಪಿಲಾವ್ ಅಂದ್ರ, ಮೈಗಿ ಎಣ್ಣಿ ಕುಡಸೂದು. ಚಮಡಿ ಎಷ್ಟು ಕುಡೀತದೋ ಅಷ್ಟು ತಿಕ್ಕೂದು. ಗರಡ್ಯಾಗ ನಮ್ಮ ಉಸ್ತಾದಗೋಳು ಹಂಗೇ ಅಂತಾರ. ಹುಡುಗನ ಹೊಟ್ಟಿಗಿ ಕುಡಸು ಅಂತ ನಾ ಯಾವಾಗ ಅಂದೆ?”

ಎತ್ತು ತನ್ನಷ್ಟಕ್ಕೆ ಸುತ್ತುತ್ತಿತ್ತು. ಮೊದಲು ನಕ್ಕವಳು ಶಂಕ್ರಮ್ಮ. ಸೆರಗು ಬಾಯಿಗೆ ಒತ್ತಿಕೊಂಡು ಕುಲುಕುಲು ನಕ್ಕಳು. “ಹತ್ತ ವರ್ಷ ಕುಡಸ್ಯಾಳಲ್ರಿ ಅಕ್ಕ! ಪುಣ್ಯಾಕ ಕರಡೀದಲ್ಲ!” ನೀಲಕಂಠ ಪಾತ್ರೆ ಹಿಡಿದುಕೊಂಡೇ ಬಾಯಿ ತೆರೆದು ನಿಂತಿದ್ದ. “ಅಂದ್ರ ನಾ ಕುಡೀದಿದ್ರೂ ನಡೀತಿತ್ತೇನವ್ವ?”

ಶಿವಕಾಂತಮ್ಮನಿಗೆ ನಗು ಬರಲಿಲ್ಲ. “ಸಾಹೇಬರ, ನನ್ನ ಮಗಗ ಏನರ ಆಗ್ತದೇನ್ರಿ? ನಾ ತಿಳೀದೇ ಮಾಡೀನಿ” ಎಂದಳು.

ಹಕೀಮರು ತಲೆ ಅಲ್ಲಾಡಿಸಿದರು. “ಕೇಳ್ರಿ. ಇಂಥಾ ರೋಗ ಭಾಳ ಕಡಿಮಿ. ನನ್ನ ಜನ್ಮದಾಗ ಇನ್ನಿಬ್ಬರನ್ನ ನೋಡೀನಿ, ಒಂದೇ ಮನಿ ಅಕ್ಕ-ತಮ್ಮ. ಅವರಿಗೂ ಇದೇ ಹೇಳಿದ್ದೆ. ಆ ಮನಿಯವರಿಗೆ ನನ್ನ ಮಾತ ಬರೋಬರಿ ತಿಳೀತು. ತಿಕ್ಕಿದ್ರು, ಚಲೋತ್ನಂಗ ತಿಕ್ಕಿದ್ರು. ಇಬ್ಬರೂ ಇಪ್ಪತ್ತರೊಳಗ ಕೂತರು. ನಿಮಗ ತಿಳೀಲಿಲ್ಲ, ನಿಮ್ಮ ಹುಡುಗ ನಡೀತಾನ. ಇದು ಎಣ್ಣಿಯಿಂದನೇ ಅಂತ ನಾ ಆಣಿ ಇಟ್ಟು ಹೇಳಲಾರೆ. ನನ್ನ ಕಿತಾಬಿನಾಗ ಇಲ್ಲಿದು. ಆದ್ರ ಬಿಡಿಸಬ್ಯಾಡ್ರಿ. ನಾಳೆನೂ ಕುಡಸ್ರಿ.”

ಎದ್ದು ಹೋಗುವಾಗ ಅವರು ನೀಲಕಂಠನ ಭುಜ ಮುಟ್ಟಿದ ಕೈಯನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ಇಂಥ ದೊಡ್ಡ ಮನುಷ್ಯರು ಹಾಗೆ ಮಾಡಿದ್ದು ಕಂಡು ಶಿವಕಾಂತಮ್ಮನಿಗೆ ಆಗ ಅಳು ಬಂತು.

ಆದರೆ ಸಂತೋಷ ಮನೆಯೊಳಗೆ ಕಾಲಿಡುವವರೆಗೂ ಉಳಿಯಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ತಾಯಿಯ ನುಣುಪಾದ ಅಂಗೈ ನೆನಪಾಯಿತು. ಅದೇ ಕುಸುಬಿ ಎಣ್ಣೆ. ಎಂಟು ವರ್ಷ ನಾಗಣ್ಣನ ಮೈಮೇಲೆ ಹರಿದು ಹೊರಸಿನ ನುಲಿಗೆ ಇಳಿದು ಹೋಗಿತ್ತು. ಅದು ಹೋಗಲಿ, ತಾಯಿಗೆ ಗೊತ್ತಿರಲಿಲ್ಲ. ತನಗೆ? ಹತ್ತು ವರ್ಷ ಮಗನಿಗೆ ವಾಟಿಗಟ್ಟಲೆ ಕುಡಿಸಿದಳು, ವರ್ಷಕ್ಕೆರಡು ಸಲ ಕಮಲಾಪುರಕ್ಕೆ ಹೋಗಿ ಬಂದಳು, ಒಂದು ಸಲವೂ ಅಣ್ಣನಿಗೆ ಒಂದು ಗುಟುಕು ಒಯ್ಯಲಿಲ್ಲ. ಕೂತವನಿಗೆ ಇನ್ನು ಔಷಧ ಯಾಕೆ ಎಂದು ಮನಸ್ಸು ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು.

ಅವತ್ತು ಅವಳಿಗೆ ಊಟ ಸೇರಲಿಲ್ಲ. ಕಲ್ಯಾಣಪ್ಪ ವಿಷಯವೆಲ್ಲ ಕೇಳಿ, “ಪಾನಿ ಪಿಲಾವ್ ಅಂದ್ರ ನೀರ ಹಚ್ಚತಾರೇನ ಅಂದಿದ್ದಿ” ಎಂದು ಛೇಡಿಸಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. “ದೌಲಪ್ಪನ ಬಂಡಿ ನಾಡದ ಕಮಲಾಪುರಕ್ಕ ಹೊಂಟದ. ಹೋಗಿ ಬಾ. ನೀಲ್ಯಾನ್ನೂ ಕರ್ಕೊಂಡು ಹೋಗು. ಎಣ್ಣಿ ದೊಡ್ಡ ಭರಣಿ ತುಂಬಸ್ತೀನಿ” ಎಂದ.

ದೌಲಪ್ಪ ಕಮಲಾಪುರದ ಕೆಂಪು ಬಾಳೆಹಣ್ಣನ್ನು ವಾರಕ್ಕೊಮ್ಮೆ ಕಲಬುರಗಿಗೆ ತರುವ ಬಂಡಿಯವನು. ಹೋಗುವಾಗ ಬಂಡಿ ಖಾಲಿ, ಮಾತು ಮಾತ್ರ ತುಂಬಿದ ಮನುಷ್ಯ. “ನಿಮ್ಮಣ್ಣ ತೋಟದ ಬದಿಯಿಂದ ದಿನಾ ನನಗೇನೋ ಅಂತಾನ್ರಿ. ನನಗೊಂದೂ ತಿಳೀದು. ಹೂಂ ಅಂತೀನಿ. ಒಮ್ಮೆ ಬೈದಿದ್ದಕ್ಕೂ ಹೂಂ ಅಂದೀನಂತ, ನಿಮ್ಮ ತಮ್ಮ ಆಮ್ಯಾಲ ಹೇಳಿದ” ಎಂದು ದಾರಿಯುದ್ದಕ್ಕೂ ನಗಿಸಲು ನೋಡಿದ. ಬೆಳಗ್ಗೆ ಹೊರಟವರು ದೀಪ ಹಚ್ಚುವ ಹೊತ್ತಿಗೆ ಮುಟ್ಟಿದರು.

ಮರುದಿನ ಬಿಸಿಲು ಏರುವ ಮೊದಲು ಅವಳು ತೋಟದ ಬದಿಗೆ ಹೋದಳು. ಕಿರಿಯ ತಮ್ಮನ ಸಂಸಾರದ ಜೊತೆ ಇದ್ದ ನಾಗಣ್ಣನನ್ನು ಬೆಳಗ್ಗೆ ಅಲ್ಲಿ ತಂದು ಕೂಡಿಸುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಕೂತವನು. ಹಣ್ಣು ಕದಿಯುವ ಮಂಗಗಳನ್ನು ಬೆದರಿಸುವುದು ಅವನ ಕೆಲಸ. ಕಾಲು ಸೊರಗಿ ಕೋಲಾಗಿದ್ದವು, ತಲೆ ಸಣ್ಣಗೆ ಅಲ್ಲಾಡುತ್ತಿತ್ತು. ತಂಗಿಯನ್ನು ಕಂಡು ಮುಖವೆಲ್ಲ ನಗೆಯಾಯಿತು. ಅವನ ಮಾತು ಬಾಯಿತುಂಬ ಹಣ್ಣಿಟ್ಟುಕೊಂಡವರ ಮಾತಿನಂತೆ. ಶಿವಕಾಂತಮ್ಮನಿಗೆ ಮಾತ್ರ ಒಂದಕ್ಷರವೂ ತಪ್ಪದೆ ತಿಳಿಯುತ್ತಿತ್ತು.

“ಇವಗೆಷ್ಟ ಈಗ?” ಎಂದು ನೀಲಕಂಠನ ಕಡೆ ಗದ್ದ ತೋರಿಸಿ ಕೇಳಿದ.

“ಹತ್ತೊಂಬತ್ತ ನಡದದ ಅಣ್ಣ.”

ಆ ಸಂಖ್ಯೆಯನ್ನು ನಾಗಣ್ಣನಿಗೆ ಬೇರೆಯವರು ವಿವರಿಸಬೇಕಾಗಿರಲಿಲ್ಲ. “ಆ ಒಡ್ಡಿನ ತನಕ ನಡಿ ನೋಡೋಣು” ಎಂದ.

ನೀಲಕಂಠ ನಡೆದ. ತೋಟದ ಒಡ್ಡು ಸಪೂರ, ನೆಲ ಹಸಿ. ಎರಡೂ ಕೈ ಚಾಚಿ, ಕಣ್ಣು ನೆಲಕ್ಕೆ ನೆಟ್ಟು, ಬಾತುಕೋಳಿಯಂತೆ ಆ ಕಡೆ ಈ ಕಡೆ ತೂಗುತ್ತ ಹೋದ. ಅರ್ಧ ದಾರಿಯಲ್ಲಿ ಜಾರಿ ಮೊಣಕಾಲೂರಿದ. ಎದ್ದ. ಒಡ್ಡಿನ ತುದಿ ಮುಟ್ಟಿ ತಿರುಗಿ ಬಂದ.

“ಇನ್ನೊಮ್ಮಿ” ಎಂದ ನಾಗಣ್ಣ.

“ಮಾವ, ನಾ ಏನ್ ಸಂತ್ಯಾಗಿನ ಎತ್ತೇನ?”

“ಇನ್ನೊಮ್ಮಿ ನಡಿಯಲೇ. ನಾ ನೋಡಬೇಕು.”

ಮೂರು ಸಲ ನಡೆಸಿದ. ನಾಗಣ್ಣನ ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ಸೇರಿತು, ಒರೆಸಿಕೊಳ್ಳಲು ಹೋದ ಕೈ ನೆಟ್ಟಗೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಶಿವಕಾಂತಮ್ಮ ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಎಲ್ಲವನ್ನೂ ಹೇಳಿದಳು. ಹಕೀಮರ ಮಾತು, ತನ್ನ ಉರ್ದು, ಹತ್ತು ವರ್ಷದ ಎಣ್ಣೆ, ಕೊನೆಗೆ ತನ್ನ ತಪ್ಪು. “ನಿನಗ ತರಲಿಲ್ಲ ಅಣ್ಣ. ನೀ ಮುಗದಾವ ಅಂತ ತಿಳಕೊಂಡಿದ್ದೆ. ಹತ್ತ ವರ್ಷ ಕೈಯಾಗ ಇಟ್ಕೊಂಡು ತರಲಿಲ್ಲ.”

ನಾಗಣ್ಣನ ಎದೆ ಕುಲುಕತೊಡಗಿತು. ಅವಳು ಹೆದರಿ ನೋಡಿದರೆ ಅವನು ನಗುತ್ತಿದ್ದ. ಪಿಲಾವ್ ಎಂಬ ಶಬ್ದವನ್ನು ಹೇಳಲು ಹೋಗಿ ಹೇಳಲಾಗದೆ ಮತ್ತಷ್ಟು ನಕ್ಕ. ನಗು ನಿಂತ ಮೇಲೆ ನಿಧಾನವಾಗಿ, ಒಂದೊಂದೇ ಮಾತು ಎಳೆದು ಹೇಳಿದ.

“ನೋಡು, ನಾ ಇಲ್ಲಿ ಕೂತು ಬಂಡಿ ನೋಡ್ತೀನಿ ದಿನಾ. ತಳಾ ಒಡದ ಬಂಡಿಯಾಗ ಹಣ್ಣ ಹಾಕಿದ್ರ ಕಲಬುರಗಿ ಮುಟ್ಟೂದ್ರೊಳಗ ಎಲ್ಲಾ ದಾರ್ಯಾಗ ಉದರ್ತಾವ. ಮಂದಿ ಮೈಯಾಗ ಬಂಡಿ ಗಟ್ಟಿ ಅದ, ಒಂದ ಚಮಚ ಎಣ್ಣಿ ತಿಂದ್ರೂ ಅದರ ಕಸುವು ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟತದ. ನಮ್ಮ ಮೈಯಾಗ ಬಂಡಿ ಸೋರ್ತದ. ನೀ ಹತ್ತ ಪಟ್ಟು ಹೇರಿದಿ, ಒಂದ ಪಾಲು ಮುಟ್ಯಾದ. ಅಷ್ಟ ವಿಷಯ. ಅವ್ವ ಬಂಡಿಗಿ ಹೇರಲೇ ಇಲ್ಲ, ಪಾಪ, ಬಂಡಿ ಮ್ಯಾಲ ಬಳದಳು.”

“ನಿನಗ ಸಿಟ್ಟ ಬರವಲ್ದೇನ ನನ್ನ ಮ್ಯಾಲ?”

“ಹತ್ತ ವರ್ಷ ತಡಾ ಆತು ಅಂತೀ. ನಾ ಎಲ್ಲಿ ಹೋಗಿದ್ದೆ? ಇಲ್ಲೇ ಕೂತಿದ್ದೆ. ಒಬ್ಬಾವರ ನಡದನಲ್ಲ ನಮ್ಮ ಮನ್ಯಾಗ. ಇನ್ನ ಆ ಭರಣಿ ಬಾಯಿ ತೆಗಿ, ವಾಸನಿ ನೋಡೋಣು.”

ಅವಳು ವಾಟಿಗೆ ಬಗ್ಗಿಸಿ ಅವನ ತುಟಿಗೆ ಹಿಡಿದಳು. ಅರ್ಧ ಗಡ್ಡಕ್ಕೆ ಹೋಯಿತು, ಅರ್ಧ ಒಳಗೆ ಹೋಯಿತು. ನಾಗಣ್ಣ ಮುಖ ಹಿಂಡಿದ. “ಇದನ್ನ ಹತ್ತ ವರ್ಷ ಕುಡದ್ಯಾ ನೀ?” ಎಂದು ಅಳಿಯನನ್ನು ಕೇಳಿದ. “ಹಂಗಾದ್ರ ನೀ ನಡದಿದ್ದು ಎಣ್ಣಿಯಿಂದಲ್ಲ. ಇದರ ಕೈಯಾಗಿಂದ ತಪ್ಪಿಸಿಕೊಂಡು ಓಡಿ ಓಡಿ ಕಾಲ ಗಟ್ಟಿಯಾಗ್ಯಾವ.”

ಶಿವಕಾಂತಮ್ಮ ಹದಿನೈದು ದಿನ ಅಲ್ಲೇ ಇದ್ದು, ರೊಟ್ಟಿ-ಹಿಂಡಿಯಲ್ಲಿ ಎಣ್ಣೆ ಕಲಸಿ ತಿನ್ನಿಸುವುದನ್ನು ತಮ್ಮನ ಹೆಂಡತಿಗೆ ಕಲಿಸಿದಳು. ಆ ಹೆಣ್ಣುಮಗಳು ಒಂದು ಮಾತೂ ಎದುರಾಡದೆ ಕಲಿತಳು. ಕಲಬುರಗಿಗೆ ಮರಳಿದ ಮೇಲೆ ಶಿವಕಾಂತಮ್ಮ ಪ್ರತಿ ವಾರ ದೌಲಪ್ಪನನ್ನು ಕೇಳುತ್ತಿದ್ದಳು. “ಹ್ಯಾಂಗ ಅದಾನ?” “ಕೂತಾನ್ರಿ” ಎನ್ನುತ್ತಿದ್ದ ದೌಲಪ್ಪ. ಮಳೆಗಾಲ ಹೋಯಿತು. “ಹ್ಯಾಂಗ ಅದಾನ?” “ಕೂತಾನ್ರಿ.” ಅವಳು ಹೆಚ್ಚು ಆಸೆ ಪಡಲಿಲ್ಲ. ಇಪ್ಪತ್ತೆರಡು ವರ್ಷ ಸೊರಗಿದ ಕಾಲು ಏಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಏಳಲೂ ಇಲ್ಲ.

ಕುಸುಬಿ ಹೂ ಬಿಟ್ಟ ಕಾಲದಲ್ಲಿ ಒಂದು ಮಧ್ಯಾಹ್ನ ದೌಲಪ್ಪ ಬಂಡಿಯನ್ನು ಬಜಾರಿಗೆ ಹೊಡೆಯದೆ ನೇರ ಅವಳ ಮನೆ ಮುಂದೆ ತಂದು ನಿಲ್ಲಿಸಿದ. ಬಂಡಿಯ ಮೇಲಿಂದಲೇ ಕೂಗಿದ.

“ಯಕ್ಕಾ, ನಿಮ್ಮಣ್ಣ ಒಂದ ಮಾತ ಹೇಳಿ ಕಳಿಸ್ಯಾನ್ರಿ!”

ಶಿವಕಾಂತಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಯಾರ ಕೈಯಾಗ ಹೇಳಿ ಕಳಿಸ್ಯಾನ? ತಮ್ಮನ ಕೈಯಾಗ?”

“ಅಲ್ರೀ. ನನಗೇ ಹೇಳಿದ. ತೋಟದ ಬದಿಯಿಂದ ಒದರಿದ. ನಾ ವಾಡಿಕಿ ಪ್ರಕಾರ ಹೂಂ ಅಂದೆ. ಎರಡ ಹೆಜ್ಜಿ ಮುಂದ ಬಂದ ಮ್ಯಾಲ ಗೊತ್ತಾತ್ರೀ ನನಗ, ಅವ ಅಂದಿದ್ದು ನನಗ ತಿಳದದ! ಮೈ ಝುಮ್ ಅಂತು. ಎತ್ತ ನಿಲ್ಲಿಸಿ ಹೊಳ್ಳಿ ಹೋಗಿ ಕೇಳಿದೆ. ಇನ್ನೊಮ್ಮಿ ಅಂದ. ಮತ್ತ ತಿಳೀತು!”

“ಏನಂದ?”

“‘ಎಣ್ಣಿ ತೀರ್ಯಾದ, ಶಿವಕಾಂತಿಗಿ ಕಳಸು ಅನ್ನಲೇ ದೌಲ್ಯಾ’ ಅಂದ. ದೌಲ್ಯಾ ಅಂದಾನ್ರೀ ನನಗ, ಇಷ್ಟ ಮಂದ್ಯಾಗ!”

ಬಾಗಿಲೊಳಗಿಂದ ಮುದುಕಿ ಸೂಗಮ್ಮ, ಅಂಗಡಿಯಿಂದ ಕಲ್ಯಾಣಪ್ಪ, ಗಾಣದ ಕಡೆಯಿಂದ ಧಪ್ ಧಪ್ ಹೆಜ್ಜೆ ಹಾಕುತ್ತ ನೀಲಕಂಠ, ಎಲ್ಲರೂ ಬಂಡಿಯ ಸುತ್ತ ಬಂದು ನಿಂತರು. ಶಿವಕಾಂತಮ್ಮ ಹಿಟ್ಟಿನ ಕೈಯಿಂದ ಬಂಡಿಯ ಗಾಲಿ ಹಿಡಿದುಕೊಂಡಳು.

“ದೌಲಪ್ಪ, ಇನ್ನೊಮ್ಮಿ ಅನ್ನು” ಎಂದಳು. “ಅವ ಹ್ಯಾಂಗಂದ, ಹಂಗೇ ಅನ್ನು.”